ಮನೆಗೆ ಗ್ರಿಲ್, ಕ್ಯಾಮೆರಾ, ಒಳ್ಳೆ ಬೀಗ ಹಾಕಿಸಿದರೆ ಸಾಮಾನಿನ ವಿಮೆಯ ಪ್ರೀಮಿಯಂ ಇಳಿಯುತ್ತಾ?

ಕುವೆಂಪುನಗರ_ವಾಸಿ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಸ್ವಂತ ಮನೆ, 30×40 ಸೈಟು, ಕೆಳಗೂ ಮೇಲೂ ನಾವೇ ಇರುವುದು. ಗೃಹಸಾಲದ ಜೊತೆ ಬ್ಯಾಂಕಿನವರು ಮಾಡಿಸಿದ ಭಾರತ್ ಗೃಹ ರಕ್ಷಾ ಪಾಲಿಸಿ ಇದೆ, ಕಟ್ಟಡಕ್ಕೆ 40 ಲಕ್ಷ. ಪ್ರತಿ ವರ್ಷ ಸುಮಾರು ಆರು ವಾರ ಮನೆಗೆ ಬೀಗ ಹಾಕಿ ಪುಣೆಯಲ್ಲಿರುವ ಮಗಳ ಮನೆಗೆ ಹೋಗುತ್ತೇವೆ. ಈ ಸಲ ಒಳಗಿನ ಸಾಮಾನಿಗೂ ಸ್ವಲ್ಪ ಒಡವೆಗೂ ಸರಿಯಾದ ವಿಮೆ ಮಾಡಿಸಬೇಕು ಅಂತ ಇದ್ದೇವೆ.

ಮುಂಬಾಗಿಲಿಗೆ ಡಿಜಿಟಲ್ ಬೀಗ, ನಾಲ್ಕು ಕ್ಯಾಮೆರಾ, ಒಂದು ಅಲಾರಂ ಹಾಕಿಸುವ ಯೋಚನೆ ಇದೆ. ಇವುಗಳಿಂದ ಪ್ರೀಮಿಯಂ ಎಷ್ಟರಮಟ್ಟಿಗೆ ಇಳಿಯುತ್ತದೆ? ದುಡ್ಡು ಸೀಮಿತ. ಮೊದಲು ಯಾವುದಕ್ಕೆ ಹಾಕಬೇಕು? ಅರ್ಜಿಯಲ್ಲಿ "ಮನೆಯಲ್ಲಿರುವ ಭದ್ರತಾ ವ್ಯವಸ್ಥೆ ವಿವರಿಸಿ" ಅಂತ ಒಂದು ಕಾಲಂ ಇದೆ, ಅಲ್ಲಿ ಏನು ಬರೆಯಬೇಕು? ಏಜೆಂಟರು "ಎಲ್ಲದಕ್ಕೂ ಯೆಸ್ ಅಂತ ಟಿಕ್ ಮಾಡಿಬಿಡಿ" ಅನ್ನುತ್ತಾರೆ. ಅದು ಸರಿಯೇ?

---

ವಿಮೆ_ಕಡತ

ಕೊನೆಯ ಪ್ರಶ್ನೆಗೇ ಮೊದಲ ಉತ್ತರ: ಖಂಡಿತ ಬೇಡ. ಕಾರಣ ಮುಂದೆ ಹೇಳುತ್ತೇನೆ.

ಅದಕ್ಕೂ ಮುಂಚೆ ಕೈಯಲ್ಲಿರುವ ಪಾಲಿಸಿಯನ್ನು ನೋಡೋಣ. ಭಾರತ್ ಗೃಹ ರಕ್ಷಾ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪ್ರಮಾಣಿತ ಪಾಲಿಸಿ. ಬೆಂಕಿ, ಸಿಡಿಲು, ಪ್ರವಾಹ, ಬಿರುಗಾಳಿ, ಭೂಕಂಪ, ಗಲಭೆ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದು ಆಗುವ ಹಾನಿ ಇಂಥವು ಅದರಲ್ಲಿ ಸೇರುತ್ತವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ಸಾಮಾನ್ಯ ಮನೆಸಾಮಾನಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ. ನಿಮ್ಮ 40 ಲಕ್ಷಕ್ಕೆ ಅದು 8 ಲಕ್ಷ. ಆದರೆ ಕಳವಿನ ವಿಷಯಕ್ಕೆ ಬಂದರೆ, ಬೆಂಕಿ ಅಥವಾ ಪ್ರವಾಹದಂಥ ಘಟನೆ ನಡೆದು, ಅದರ ಕಾರಣಕ್ಕೇ, 7 ದಿನದೊಳಗೆ ಆದ ಕಳ್ಳತನಕ್ಕೆ ಮಾತ್ರ ಪರಿಹಾರ. ನೀವು ಪುಣೆಯಲ್ಲಿದ್ದಾಗ ಯಾರೋ ಬಾಗಿಲು ಮೀಟಿ ಒಳಗೆ ಹೋದರೆ ಇದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಹಾಗಾಗಿ ನಿಮಗೆ ಬೇಕಾಗಿರುವುದು ಬರ್ಗ್ಲರಿ (ಮನೆಗೆ ನುಗ್ಗಿ ಮಾಡುವ ಕಳವು) ರಕ್ಷಣೆ. ಅದನ್ನು ಪ್ರತ್ಯೇಕ ಪಾಲಿಸಿಯಾಗಿ ತೆಗೆದುಕೊಳ್ಳಬಹುದು, ಅಥವಾ ಹೌಸ್‌ಹೋಲ್ಡರ್ಸ್ ಪ್ಯಾಕೇಜಿನ (ಮನೆಯ ಹಲವು ರಕ್ಷಣೆಗಳನ್ನು ಒಟ್ಟಿಗೆ ಕೊಡುವ ಪಾಲಿಸಿಯ) ಒಂದು ಭಾಗವಾಗಿ. ಬೀಗ, ಗ್ರಿಲ್, ಕ್ಯಾಮೆರಾ ಲೆಕ್ಕಕ್ಕೆ ಬರುವುದು ಈ ಭಾಗದ ಪ್ರೀಮಿಯಂನಲ್ಲಿ ಮಾತ್ರ. ಬೆಂಕಿ-ಭೂಕಂಪದ ಭಾಗಕ್ಕೆ ನಿಮ್ಮ ಕ್ಯಾಮೆರಾದಿಂದ ಯಾವ ವ್ಯತ್ಯಾಸವೂ ಇಲ್ಲ.

ರಿಯಾಯಿತಿ ಕೊಡುವ ಕಂಪನಿಗಳಿವೆ, ಕೊಡದವೂ ಇವೆ. ಕೊಟ್ಟರೂ ಮೊತ್ತ ಚಿಕ್ಕದು, ಯಾಕೆಂದರೆ ಈ ಭಾಗದ ಪ್ರೀಮಿಯಮ್ಮೇ ಚಿಕ್ಕದು. ಲೆಕ್ಕ ಅರ್ಥವಾಗಲೆಂದು ಒಂದು ದರ ಹಿಡಿಯೋಣ. 10 ಲಕ್ಷದ ಸಾಮಾನಿಗೆ ಸಾವಿರಕ್ಕೆ 1 ರೂಪಾಯಿಯಂತೆ 1,000 ರೂಪಾಯಿ. ಭದ್ರತೆಗೆ ಶೇ. 10 ರಿಯಾಯಿತಿ ಸಿಕ್ಕರೆ 100 ರೂಪಾಯಿ, ಶೇ. 18 ಜಿಎಸ್‌ಟಿಯನ್ನೂ ಸೇರಿಸಿದರೆ ವರ್ಷಕ್ಕೆ 118 ರೂಪಾಯಿ ಉಳಿತಾಯ. (2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ತೆಗೆದದ್ದು ವೈಯಕ್ತಿಕ ಜೀವ ವಿಮೆಗೆ ಮತ್ತು ಆರೋಗ್ಯ ವಿಮೆಗೆ, ಮನೆ ವಿಮೆಗೆ ಇನ್ನೂ ಇದೆ.) 25,000 ಕೊಟ್ಟು ಹಾಕಿಸಿದ ಕ್ಯಾಮೆರಾದ ದುಡ್ಡು ಈ ಉಳಿತಾಯದಿಂದ ಹುಟ್ಟಲು ಇನ್ನೂರು ವರ್ಷ ದಾಟಬೇಕು. ದರ ಎರಡರಷ್ಟು ಇದ್ದರೂ ತೀರ್ಮಾನ ಬದಲಾಗದು.

ಹಾಗಾದರೆ ಭದ್ರತೆಗೆ ಖರ್ಚು ಮಾಡುವುದು ವ್ಯರ್ಥವೇ? ಇಲ್ಲ. ಅದರ ನಿಜವಾದ ಬೆಲೆ ಕ್ಲೇಮಿನ ದಿನ ಗೊತ್ತಾಗುತ್ತದೆ. ಬರ್ಗ್ಲರಿ ಪಾಲಿಸಿಗಳು ಸಾಮಾನ್ಯವಾಗಿ ಬಲ ಪ್ರಯೋಗಿಸಿ ಒಳನುಗ್ಗಿದ ಅಥವಾ ಹೊರಬಿದ್ದ ಕಳವಿಗೆ ಮಾತ್ರ ಹಣ ಕೊಡುತ್ತವೆ. ಯುನೈಟೆಡ್ ಇಂಡಿಯಾ ವಿಮಾ ಕಂಪನಿ ವಿರುದ್ಧ ಹರ್‌ಚಂದ್ ರಾಯ್ ಚಂದನ್‌ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಇದನ್ನು ಸ್ಪಷ್ಟಪಡಿಸಿದೆ: ಪಾಲಿಸಿಯಲ್ಲಿ ಬಲಪ್ರಯೋಗ ಬೇಕು ಎಂದು ಬರೆದಿದ್ದರೆ, ಅದಿಲ್ಲದ ಕಳವಿಗೆ ವಿಮಾ ಕಂಪನಿ ಹೊಣೆಯಲ್ಲ. ತೆರೆದಿಟ್ಟ ಹಿಂಬಾಗಿಲಿನಿಂದ ಬಂದು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರೆ ಅದು ಕಳ್ಳತನ ಹೌದು, ಆದರೆ ಈ ರಕ್ಷಣೆಯ ಹೊರಗೆ. ಅದೂ ಬೇಕೆಂದರೆ "ಥೆಫ್ಟ್" ಅಥವಾ "ಲಾರ್ಸೆನಿ" ವಿಸ್ತರಣೆ ಕೇಳಿ ತೆಗೆದುಕೊಳ್ಳಬೇಕು. ಮನೆಕೆಲಸದವರು ಶಾಮೀಲಾದ ಕಳವು ಬಹುತೇಕ ಪಾಲಿಸಿಗಳಲ್ಲಿ ಹೊರಗಿದೆ, ಕೆಲವು ಪ್ಯಾಕೇಜುಗಳಲ್ಲಿ ಮಾತ್ರ ಸೇರಿಸಬಹುದು.

ಈಗ ಟಿಕ್ ಮಾಡುವ ವಿಷಯ. ಅರ್ಜಿಯಲ್ಲಿ ಬರೆದದ್ದೇ ಒಪ್ಪಂದಕ್ಕೆ ಆಧಾರ. "24 ಗಂಟೆ ಕಾವಲುಗಾರ", "ಮಾನಿಟರ್ ಮಾಡುವ ಅಲಾರಂ" ಎಂದು ಬರೆದರೆ ಅದು ಶೆಡ್ಯೂಲಿನಲ್ಲಿ (ಪಾಲಿಸಿಯ ವಿವರಪಟ್ಟಿಯಲ್ಲಿ) ವಾರಂಟಿಯಾಗಿ, ಅಂದರೆ ನೀವು ಪಾಲಿಸಲೇಬೇಕಾದ ಷರತ್ತಾಗಿ, ಅಚ್ಚಾಗಿ ಬರಬಹುದು. ಆಮೇಲೆ ಕಳವಾದ ರಾತ್ರಿ ಅಲಾರಂ ಆಫ್ ಇತ್ತು ಎಂದಾದರೆ, 118 ರೂಪಾಯಿಯ ಆಸೆಗೆ 5 ಲಕ್ಷದ ಕ್ಲೇಮು ತಕರಾರಿಗೆ ಬೀಳುತ್ತದೆ. ಇವತ್ತು ಗೋಡೆಯ ಮೇಲೆ ಇರುವುದನ್ನು ಮಾತ್ರ ಬರೆಯಿರಿ. ಹಾಕಿಸಬೇಕು ಅಂದುಕೊಂಡಿರುವುದನ್ನು ಹಾಕಿಸಿದ ಮೇಲೆ ಇಮೇಲ್ ಮೂಲಕ ತಿಳಿಸಿ, ಪಾಲಿಸಿಗೆ ತಿದ್ದುಪಡಿ ಸೇರಿಸುವ ಎಂಡೋರ್ಸ್‌ಮೆಂಟ್ ಪಡೆಯಿರಿ. ಪಾಲಿಸಿ ಕೈಗೆ ಬಂದ ದಿನವೇ "ವಾರಂಟಿ" "ಷರತ್ತು" ಎಂದಿರುವ ಸಾಲುಗಳನ್ನು ಓದಿ, ನಿಭಾಯಿಸಲು ಆಗದಿದ್ದುದನ್ನು ತೆಗೆಸಿ.

ನಿಮ್ಮ ಆರು ವಾರದ ಗೈರುಹಾಜರಿ ಎಲ್ಲಕ್ಕಿಂತ ದೊಡ್ಡ ವಿಷಯ. ಅನೇಕ ಪಾಲಿಸಿಗಳಲ್ಲಿ ಮನೆ ಸತತ 30 ದಿನಕ್ಕಿಂತ ಹೆಚ್ಚು ಖಾಲಿಯಿದ್ದರೆ ಬರ್ಗ್ಲರಿ ರಕ್ಷಣೆ ನಿಲ್ಲುತ್ತದೆ, ಕೆಲವದರಲ್ಲಿ ಇನ್ನೂ ಕಡಿಮೆ ದಿನ. ಆರು ವಾರ ಎಂದರೆ 42 ದಿನ. ಹೊರಡುವ ಮುಂಚೆಯೇ ಕಂಪನಿಗೆ ತಿಳಿಸಿ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಸ್ವಲ್ಪ ಹೆಚ್ಚುವರಿ ಪ್ರೀಮಿಯಂ ಕೇಳಿದರೂ ಕೊಡಿ. ಏಜೆಂಟರ ಫೋನ್ ಮಾತು ಲೆಕ್ಕಕ್ಕೆ ಬಾರದು.

ಮೊತ್ತದ ಬಗ್ಗೆ ಒಂದು ಎಚ್ಚರಿಕೆ. ಗೃಹ ರಕ್ಷಾದಲ್ಲಿ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದಕ್ಕೆ ಕಡಿತ ಇಲ್ಲ. ಬರ್ಗ್ಲರಿಯಲ್ಲಿ ಇರಬಹುದು. 12 ಲಕ್ಷದ ಸಾಮಾನು ಇಟ್ಟುಕೊಂಡು 6 ಲಕ್ಷಕ್ಕೆ ಮಾಡಿಸಿ 2 ಲಕ್ಷದ್ದು ಕಳವಾದರೆ ಸಿಗುವುದು 1 ಲಕ್ಷ. ಪ್ರೀಮಿಯಂ ಇಳಿಸಲೇಬೇಕಿದ್ದರೆ "ಫಸ್ಟ್ ಲಾಸ್" ಆಧಾರ ಕೇಳಿ: ಒಟ್ಟು 20 ಲಕ್ಷ ಎಂದು ಪೂರ್ತಿ ಘೋಷಿಸಿ, ಒಂದೇ ಸಲಕ್ಕೆ ಹೆಚ್ಚೆಂದರೆ ಶೇ. 25 ಹೋಗಬಹುದು ಎಂದು 5 ಲಕ್ಷಕ್ಕೆ ರಕ್ಷಣೆ ಪಡೆಯುವುದು. ಮನೆಯೊಳಗಿನ ಸೋಫಾ, ಮಂಚ, ಬೀರು ಎಲ್ಲವನ್ನೂ ಕಳ್ಳರು ಹೊತ್ತೊಯ್ಯಲಾರರು, ಆದ್ದರಿಂದ ಈ ದಾರಿ ನ್ಯಾಯವಾದದ್ದು. ಯಾವ ಕ್ಯಾಮೆರಾ ರಿಯಾಯಿತಿಗಿಂತಲೂ ಇದರಲ್ಲಿ ಹೆಚ್ಚು ಉಳಿಯುತ್ತದೆ.

---

ಬಾಗಿಲು_ಬೀಗ

ಮೇಲಿನವರು ಕಾಗದದ ಕಡೆ ಹೇಳಿದ್ದಾರೆ, ನಾನು ಮರ-ಕಬ್ಬಿಣದ ಕಡೆ ಹೇಳ್ತೀನಿ. ನಿಮ್ಮ ಪಟ್ಟಿಯ ಕ್ರಮ ತಲೆಕೆಳಗಾಗಿದೆ ಸಾರ್. ಮೊದಲು ಬಾಗಿಲ ಚೌಕಟ್ಟು, ಹಿಂಬಾಗಿಲು, ತಾರಸಿ ಬಾಗಿಲು. ಆಮೇಲೆ ಕಿಟಕಿ. ಅದಾದ ಮೇಲೆ ಅಲಾರಂ, ಕ್ಯಾಮೆರಾ. ಡಿಜಿಟಲ್ ಬೀಗ ಕೊನೆಗೆ, ದುಡ್ಡು ಉಳಿದರೆ.

ಮುಂಬಾಗಿಲಲ್ಲಿ ಮೊದಲು ಸೋಲೋದು ಬೀಗ ಅಲ್ಲ, ಬೀಗದ ನಾಲಿಗೆ ಹೋಗಿ ಕೂರುವ ಪಟ್ಟಿ. ಅದನ್ನು ಡಬ್ಬಿಯಲ್ಲಿ ಬಂದ 1 ಇಂಚಿನ ಸ್ಕ್ರೂ ಹಾಕಿ ಕೂರಿಸಿರ್ತಾರೆ. ಒಂದು ಸಬ್ಬಲ್ ಇಟ್ಟು ಒತ್ತಿದರೆ ಪಟ್ಟಿ ಮರದ ಸಿಪ್ಪೆ ಸಮೇತ ಕಿತ್ತು ಬರುತ್ತೆ. ಆ ಸ್ಕ್ರೂಗಳನ್ನು ತೆಗೆದು 3 ಇಂಚಿನವು ಹಾಕಿಸಿ, ಚೌಕಟ್ಟಿನ ಒಳಗೆ ಆಳಕ್ಕೆ ಹೋಗಬೇಕು. ಕೀಲುಗಳಿಗೂ ಹಾಗೇ, ಒಂದೊಂದಕ್ಕೆ ಕನಿಷ್ಠ ಎರಡು ಉದ್ದನೆ ಸ್ಕ್ರೂ. ಖರ್ಚು ಕೆಲವು ನೂರು ರೂಪಾಯಿ, ಬಡಗಿಗೆ ಅರ್ಧ ದಿನದ ಕೆಲಸ. ಹಳೇ ಮನೆಯಾದರೆ ಚೌಕಟ್ಟೇ ಗೋಡೆಯಲ್ಲಿ ಅಲ್ಲಾಡುತ್ತಾ ನೋಡಿ. ಒಂದೊಂದು ಬದಿಗೆ ಚೌಕಟ್ಟನ್ನು ಗೋಡೆಗೆ ಬಿಗಿಹಿಡಿಯೋ ಮೂರು ಹೋಲ್ಡ್‌ಫಾಸ್ಟ್ ಇರಬೇಕು.

ಬೀಗ ಮಾರ್ಟಿಸ್ (ಬಾಗಿಲ ದಪ್ಪದೊಳಗೆ ಕೂರೋದು) ಇರಲಿ, ಡೆಡ್‌ಬೋಲ್ಟ್ ಹೊರಚಾಚುವ ಉದ್ದ 20 ಮಿ.ಮೀ. ಆದರೂ ಇರಲಿ. ಸಿಲಿಂಡರ್ (ಕೀಲಿ ತೂರಿಸೋ ಭಾಗ) ಬಾಗಿಲ ಮೇಲ್ಮೈಯಿಂದ 2-3 ಮಿ.ಮೀ.ಗಿಂತ ಹೆಚ್ಚು ಆಚೆ ಇಣುಕಬಾರದು. ಇಣುಕಿದರೆ ಇಕ್ಕಳದಲ್ಲಿ ಹಿಡಿದು ಮುರೀತಾರೆ. ಬಾಗಿಲ ದಪ್ಪ 32ರಿಂದ 38 ಮಿ.ಮೀ. ಇರುತ್ತೆ, ಅಳತೆ ಕೊಟ್ಟು ಸಿಲಿಂಡರ್ ತನ್ನಿ. ಹೊರಗಡೆ ಆಲ್‌ಡ್ರಾಪ್ ಹಾಕಿ ದೊಡ್ಡ ಬೀಗ ಜಡಿಯೋದು ನಮ್ಮಲ್ಲಿ ರೂಢಿ. ಅದು ಮನೇಲಿ ಯಾರೂ ಇಲ್ಲ ಅಂತ ಬೀದಿಗೆಲ್ಲ ಸಾರುತ್ತೆ. ಆಲ್‌ಡ್ರಾಪ್ ಬಿಡಕ್ಕಾಗದಿದ್ದರೆ ಸ್ಕ್ರೂ ಬದಲು ಬಾಗಿಲ ಆರ್‌ಪಾರ್ ಹೋಗುವ ಬೋಲ್ಟ್ ಹಾಕಿಸಿ, ನಟ್ ಒಳಗಡೆ ಬರಲಿ.

ಬಹುಪಾಲು ಮನೆಗಳಲ್ಲಿ ಮುಂದೆ ತೇಗದ ಬಾಗಿಲು, ಹಿಂದೆ ಯುಟಿಲಿಟಿ ಕಡೆ ಫ್ಲಶ್ ಡೋರು, ಅದಕ್ಕೆ 6 ಇಂಚಿನ ಅಲ್ಯೂಮಿನಿಯಂ ಚಿಲಕ. ಒಂದು ಒದೆತಕ್ಕೆ ಹೋಗುತ್ತೆ. ಅಲ್ಲಿಗೆ 12 ಮಿ.ಮೀ. ಉಕ್ಕಿನ ಚಿಲಕ ಮೇಲೊಂದು ಕೆಳಗೊಂದು, ಇಲ್ಲಾ ಒಳಗಡೆಯಿಂದ ಅಡ್ಡ ಪಟ್ಟಿ. ತಾರಸಿ ಬಾಗಿಲು ಇನ್ನೂ ಮುಖ್ಯ. ಮಳೆಗೆ ಉಬ್ಬಿ ಚಿಲಕ ಕೂರಲ್ಲ, ಹಾಗೇ ಬಿಟ್ಟಿರ್ತಾರೆ. ಪಕ್ಕದ ಮನೆ ತಾರಸಿಯಿಂದ ಒಂದು ಹೆಜ್ಜೆ ದಾಟಿದರೆ ನಿಮ್ಮ ತಾರಸಿ. ಆ ಬಾಗಿಲಿಗೆ ಕಬ್ಬಿಣದ ಗ್ರಿಲ್ ಗೇಟ್ ಹಾಕಿಸೋದು ನಿಮ್ಮ ಮನೆಗೆ ಅತ್ಯಂತ ಉಪಯೋಗದ ಖರ್ಚು ಅಂತ ನನ್ನ ಖಚಿತ ಅಭಿಪ್ರಾಯ.

ಕಿಟಕಿ ಗ್ರಿಲ್: 12 ಮಿ.ಮೀ. ಚೌಕ ಸರಳು, ನಡುವೆ 4 ಇಂಚು ಅಂತರ. ಗ್ರಿಲ್ಲನ್ನು ಮರದ ಚೌಕಟ್ಟಿಗೆ ಹೊರಗಡೆಯಿಂದ ಬರೀ ಸ್ಕ್ರೂ ಹಾಕಿ ಕೂರಿಸಿದ್ದರೆ ಸ್ಕ್ರೂಡ್ರೈವರ್ ಸಾಕು ಬಿಚ್ಚೋಕೆ. ಸ್ಕ್ರೂ ತಲೆಗೆ ವೆಲ್ಡಿಂಗ್ ಚುಕ್ಕೆ ಇಡಿಸಿ, ಇಲ್ಲಾ ಒಮ್ಮೆ ಹಾಕಿದರೆ ತಿರುಚಿ ತೆಗೆಯಲಾಗದ ಸ್ಕ್ರೂ ಬಳಸಿ. ಜಾರು ಕಿಟಕಿಯ ರೆಕ್ಕೆಯನ್ನು ಮೇಲಕ್ಕೆತ್ತಿದರೆ ಹಳಿಯಿಂದ ಆಚೆ ಬರುತ್ತೆ, ಮೇಲಿನ ಹಳಿಯಲ್ಲಿ ಒಂದು ಕಟ್ಟೆ ಕೊಡಿಸಿ. ದಯವಿಟ್ಟು ಒಂದು ಮಾತು ಕೇಳಿ: ಎಲ್ಲ ಕಿಟಕಿಗೂ ಗ್ರಿಲ್ ಜಡಿದು ಮನೇನ ಪಂಜರ ಮಾಡಬೇಡಿ. ಪ್ರತಿ ಮಹಡೀಲೂ ಮಲಗುವ ಕೋಣೆಯ ಒಂದು ಗ್ರಿಲ್ ಒಳಗಿಂದ ತೆರೆಯೋ ಹಾಗಿರಲಿ, ಅದರ ಕೀಲಿ ಕಿಟಕಿ ಹತ್ತಿರ ಒಳಗಿನವರ ಕೈಗೆ ಸಿಗೋ ಹಾಗೆ, ಹೊರಗಿನವರ ಕೈಗೆ ಎಟುಕದ ಹಾಗೆ. ಬೆಂಕಿ ಬಿದ್ದಾಗ ಆಚೆ ಬರೋಕೆ ದಾರಿ ಬೇಕು.

ಕ್ಯಾಮೆರಾದಲ್ಲಿ ಎಡವೋದು ಹಾರ್ಡ್ ಡಿಸ್ಕ್ ಲೆಕ್ಕದಲ್ಲಿ. ನಾಲ್ಕು ಕ್ಯಾಮೆರಾ, ಒಂದೊಂದಕ್ಕೆ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಅಂದರೆ ನಾಲ್ಕೂ ಸೇರಿ ಸೆಕೆಂಡಿಗೆ 1 ಎಂಬಿ (ಮೆಗಾಬೈಟ್), ದಿನಕ್ಕೆ ಸುಮಾರು 86 ಜಿಬಿ. ಅಂಗಡಿಯವರು ಕೊಡೋ 1 ಟಿಬಿ ಡಿಸ್ಕು ಹನ್ನೊಂದು-ಹನ್ನೆರಡು ದಿನಕ್ಕೆ ತುಂಬಿ ಹಳೇದನ್ನು ಅಳಿಸಿಕೊಳ್ಳುತ್ತೆ. ನೀವು 42 ದಿನ ಬಿಟ್ಟು ಬಂದು ನೋಡಿದರೆ ಮೊದಲ ವಾರದ ಕಳವಿನ ದೃಶ್ಯ ಇರಲ್ಲ. ನಿಮಗೆ 4 ಟಿಬಿ ಬೇಕು. ರೆಕಾರ್ಡರ್ ಟಿವಿ ಕೆಳಗೆ ಇಡಬೇಡಿ, ಅದನ್ನೂ ಎತ್ತಿಕೊಂಡು ಹೋಗ್ತಾರೆ. ಅಟ್ಟದ ಮೇಲೆ ಗಾಳಿ ಆಡೋ ಕಬ್ಬಿಣದ ಪೆಟ್ಟಿಗೇಲಿ ಇಟ್ಟು ಬೀಗ ಹಾಕಿ. ನಮ್ಮಲ್ಲಿ ಮೀಟರ್ ಬೋರ್ಡ್ ಗೇಟಿನ ಪಕ್ಕ ಇರುತ್ತೆ, ಕರೆಂಟ್ ತೆಗೆಯೋದು ಅರೆಕ್ಷಣದ ಕೆಲಸ. ರೆಕಾರ್ಡರ್, ಕ್ಯಾಮೆರಾ, ರೂಟರ್ ಸೇರಿ ಸುಮಾರು 50 ವ್ಯಾಟ್ ಆದರೆ, 150 ಎಎಚ್ ಇನ್ವರ್ಟರ್ ಬ್ಯಾಟರಿ ಒಂದು ರಾತ್ರಿ ಆರಾಮಾಗಿ ಎಳೆಯುತ್ತೆ. ಕಂಪ್ಯೂಟರಿನ ಸಣ್ಣ ಯುಪಿಎಸ್ ಒಂದು ಗಂಟೆಯೂ ಬರೋದು ಕಷ್ಟ. ಗಡಿಯಾರ ಸರಿ ಇದೆಯಾ ನೋಡ್ಕೊಳ್ಳಿ, ದಿನಾಂಕ ತಪ್ಪಿದ್ದರೆ ದೃಶ್ಯದ ಬೆಲೆ ಹೋಯ್ತು.

ಅಲಾರಂ: ಚಲನೆ ಹಿಡಿಯೋ ಸೆನ್ಸರ್ ಮೇಲೆ ಹಲ್ಲಿ ಓಡಾಡಿದರೂ ಕೂಗುತ್ತೆ. ನಾಲ್ಕು ಸಲ ಸುಮ್ಮನೆ ಕೂಗಿದ ಮೇಲೆ ಅಕ್ಕಪಕ್ಕದವರು ಕಿವಿಗೊಡಲ್ಲ. ಬಾಗಿಲಿಗೆ ಮ್ಯಾಗ್ನೆಟ್ ಕಾಂಟ್ಯಾಕ್ಟ್ (ಬಾಗಿಲು ತೆರೆದರೆ ಕೂಗೋದು) ಹೆಚ್ಚು ನಂಬಿಕಸ್ಥ. ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಸುಮಾರು ಮೂರು ವರ್ಷಕ್ಕೆ ಬದಲಾಯಿಸಬೇಕು. ಅದರ ಸಿಮ್ ರೀಚಾರ್ಜ್ ನೀವು ಊರಲ್ಲಿಲ್ಲದಾಗಲೇ ಮುಗಿದುಹೋಗೋದು ಸಾಮಾನ್ಯ, ಹೊರಡೋ ಮುಂಚೆ ದಿನಾಂಕ ನೋಡಿ.

---

ಕುವೆಂಪುನಗರ_ವಾಸಿ

ಇಬ್ಬರಿಗೂ ತುಂಬಾ ಧನ್ಯವಾದ. ತಾರಸಿ ಬಾಗಿಲು ನೀವು ಹೇಳಿದ ಹಾಗೇ ಇದೆ, ನಾಳೆಯೇ ಗ್ರಿಲ್ಲಿನವರನ್ನು ಕರೆಸುತ್ತೇನೆ. ಇನ್ನೆರಡು ಸಂದೇಹ. ಡಿಜಿಟಲ್ ಬೀಗ ಕೊನೆಗೆ ಅಂದದ್ದು ಯಾಕೆ? ಒಡವೆಗೆ ಮನೆಯಲ್ಲೇ ಒಂದು ತಿಜೋರಿ ಇಟ್ಟರೆ ವಿಮೆಗೆ ಸಾಕಾಗುತ್ತಾ, ಅಥವಾ ಲಾಕರೇ ಬೇಕಾ?

---

ಮಹಜರು_ಹುಬ್ಬಳ್ಳಿ

ನಷ್ಟ ಅಳೆಯೋ ಸರ್ವೆಯರ್ ಬಂದಾಗ ಏನೇನು ನೋಡ್ತಾರ ಅಂತ ಹೇಳಿದ್ರ ನಿಮ್ಮ ಎರಡೂ ಸಂದೇಹ ತೀರ್ತಾವ್ರಿ.

ಅವರು ಮೊದಲು ಹುಡುಕುವುದು ಬಲಪ್ರಯೋಗದ ಗುರುತು. ಮುರಿದ ಪಟ್ಟಿ, ಸೀಳಿದ ಮರ, ಕತ್ತರಿಸಿದ ಸರಳು. ಡಿಜಿಟಲ್ ಬೀಗವನ್ನು ಯಾರೋ ಪಿನ್ ನೋಡಿಕೊಂಡು ತೆಗೆದರೆ ಬಾಗಿಲ ಮೇಲೆ ಒಂದು ಗೀರೂ ಇರುವುದಿಲ್ಲ, ಕ್ಲೇಮಿಗೆ ನೆಲೆಯೇ ಸಿಗುವುದಿಲ್ಲ. ಹಾಕಿಸುವುದೇ ಆದರೆ ಯಾವ ಹೊತ್ತಿಗೆ ಯಾವ ಪಿನ್ ಬಳಸಿ ತೆರೆಯಿತು ಎಂಬ ದಾಖಲೆ ಉಳಿಸುವ ಮಾದರಿ ಇರಲಿ. ಮನೆಕೆಲಸದವರಿಗೆ ಬೇರೆಯೇ ಪಿನ್ ಕೊಡಿ, ಊರಿಗೆ ಹೋಗುವಾಗ ಅದನ್ನು ರದ್ದು ಮಾಡಿ. ಕೀಲಿ ಮೆಟ್ಟಿಲ ಕೆಳಗೋ ಹೂಕುಂಡದಲ್ಲೋ ಇಡುವ ರೂಢಿಗೂ ಇದೇ ತೊಂದರೆ.

ತಿಜೋರಿ ಬಗ್ಗೆ. ಐಎಸ್ 550 (ತಿಜೋರಿಗಳ ಭಾರತೀಯ ಮಾನಕ) ಗುರುತಿನ ತಿಜೋರಿ ನೋಡಿ. ಮರದ ಕಪಾಟಿನೊಳಗೆ ಸುಮ್ಮನೆ ಇಟ್ಟ 40 ಕಿಲೋದ ತಿಜೋರಿಯನ್ನು ಇಬ್ಬರು ಎತ್ತಿಕೊಂಡು ಹೋಗುತ್ತಾರೆ. 12 ಮಿ.ಮೀ. ಆ್ಯಂಕರ್ ಬೋಲ್ಟ್ ನಾಲ್ಕು ಹಾಕಿ ಕಾಂಕ್ರೀಟಿಗೆ ಬಿಗಿಸಬೇಕು. ಪಾಲಿಸಿಗಳಲ್ಲಿ ಒಂದು ಸಾಲು ಇರುತ್ತದೆ: ತಿಜೋರಿಯನ್ನು ಕೀಲಿಯಿಂದಲೇ ತೆರೆದಿದ್ದರೆ, ಆ ಕೀಲಿಯನ್ನು ಹೊಡೆದು ಬಡಿದು ಅಥವಾ ಬೆದರಿಸಿ ಪಡೆದಿದ್ದರೆ ಹೊರತು ಪರಿಹಾರ ಇಲ್ಲ. ತಿಜೋರಿ ಕೀಲಿ ಬೀರುವಿನ ಸೀರೆ ಮಡಿಕೆಯಲ್ಲಿ ಸಿಕ್ಕರೆ ಕ್ಲೇಮು ಅಲ್ಲೇ ನಿಲ್ಲುತ್ತದೆ. ಊರಿಗೆ ಹೋಗುವಾಗ ಎರಡೂ ಕೀಲಿ ನಿಮ್ಮ ಜೊತೆ ಇರಲಿ.

ಆರು ವಾರ ಖಾಲಿ ಬಿಡುವ ಮನೆಯಲ್ಲಿ ಬಂಗಾರ ಇಡುವುದು ಬೇಡ, ಲಾಕರಿನಲ್ಲಿಡಿ. ಆದರೆ ಲಾಕರ್ ಎಂದರೆ ಪೂರ್ತಿ ವಿಮೆ ಎಂದು ತಿಳಿಯಬೇಡಿ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ ಇವುಗಳಿಗೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 3,000 ಇದ್ದರೆ 3 ಲಕ್ಷ, ಅಷ್ಟೇ. ಒಡವೆಗೆ ಪ್ರತ್ಯೇಕ ರಕ್ಷಣೆ ತೆಗೆದುಕೊಳ್ಳುವಾಗ "ಲಾಕರಿನಲ್ಲಿ ಇದ್ದಾಗಲೂ, ಮೈಮೇಲೆ ಇದ್ದಾಗಲೂ" ಅನ್ವಯಿಸುತ್ತದೆಯೇ ಎಂದು ಕೇಳಿ. ಲಾಕರಿನಲ್ಲಿಡುವ ಒಡವೆಯ ಪ್ರೀಮಿಯಂ ಕಡಿಮೆಯಾಗುತ್ತದೆಯೇ ಎಂದೂ ಕೇಳಬೇಕು, ಭದ್ರತೆಗೂ ದರಕ್ಕೂ ನೇರ ಸಂಬಂಧ ನಿರೀಕ್ಷಿಸಬಹುದಾದ ಜಾಗ ಅದು. ಗೃಹ ರಕ್ಷಾದಲ್ಲೂ ಬೆಲೆಬಾಳುವ ವಸ್ತುಗಳಿಗೆ ಐಚ್ಛಿಕ ರಕ್ಷಣೆ ಇದೆ. ಒಟ್ಟು 5 ಲಕ್ಷದೊಳಗೆ, ಒಂದೊಂದೂ 1 ಲಕ್ಷದೊಳಗೆ ಇದ್ದರೆ ಮೌಲ್ಯಮಾಪನ ಪ್ರಮಾಣಪತ್ರ ಕೇಳುವುದಿಲ್ಲ. ಆದರೆ ಅದು ಬೆಂಕಿ ಮುಂತಾದ ಅದೇ ಅಪಾಯಗಳಿಗೆ, ಮನೆಗಳ್ಳತನಕ್ಕೆ ಅಲ್ಲ ಎಂಬುದು ನೆನಪಿರಲಿ.

ದಾಖಲೆಗಳನ್ನು ಇವತ್ತೇ ಸಿದ್ಧಮಾಡಿ. ಪ್ರತಿ ಒಡವೆಯ ಫೋಟೊ, ತೂಕ, ಬಿಲ್ಲು, ಹಾಲ್‌ಮಾರ್ಕ್ ಇದ್ದರೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಒಡವೆಯ ಗುರುತಿನ ಸಂಖ್ಯೆ). ಟಿವಿ, ಲ್ಯಾಪ್‌ಟಾಪ್‌ಗಳ ಸೀರಿಯಲ್ ನಂಬರು. ಬೀಗ, ಗ್ರಿಲ್, ಕ್ಯಾಮೆರಾಗಳ ಬಿಲ್ಲು, ಹಾಕಿಸಿದ ಮೇಲಿನ ಫೋಟೊ. ಇವೆಲ್ಲ ಮನೆಯ ಹೊರಗೆ, ಇಮೇಲಿನಲ್ಲೋ ಮಗಳ ಹತ್ತಿರವೋ ಇರಲಿ.

ಕಳವಾಗಿಯೇ ಬಿಟ್ಟರೆ 112ಕ್ಕೆ ಕರೆ ಮಾಡಿ, ಏನನ್ನೂ ಮುಟ್ಟಬೇಡಿ, ಗುಡಿಸಬೇಡಿ. ಬೆರಳಚ್ಚಿನವರು ಬಂದು ಹೋಗಲಿ. ಅದೇ ದಿನ ವಿಮಾ ಕಂಪನಿಗೂ ತಿಳಿಸಿ. ಪುಣೆಯಲ್ಲೇ ಇದ್ದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ನೇ ಕಲಮಿನಂತೆ ಎಲೆಕ್ಟ್ರಾನಿಕ್ ಮಾರ್ಗದಲ್ಲೂ ದೂರು ಕೊಡಬಹುದು, ಆದರೆ 3 ದಿನದೊಳಗೆ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಅದರಲ್ಲಿ ಹಾಕಿರುವ ಕಲಮು ನೋಡಿ. ಭಾರತೀಯ ನ್ಯಾಯ ಸಂಹಿತೆಯ 305 ಎಂದರೆ ವಾಸದ ಮನೆಯಲ್ಲಿ ಕಳವು. 331 ಎಂದರೆ ಮನೆ ಒಡೆದು ಅಥವಾ ಹೊಂಚುಹಾಕಿ ನುಗ್ಗಿದ್ದು, ಅದರಲ್ಲಿ ಕಳವಿಗೆಂದು ರಾತ್ರಿ ನುಗ್ಗಿದ್ದು 331(4), ಹಿಂದಿನ ಐಪಿಸಿ 457. ಬಾಗಿಲು ಮುರಿದಿದ್ದರೂ ಬರೀ 305 ಹಾಕಿದ್ದರೆ ಮುಂದೆ "ಬಲಪ್ರಯೋಗ ಎಲ್ಲಿ?" ಎಂಬ ಪ್ರಶ್ನೆ ಏಳುತ್ತದೆ. ದೂರಿನಲ್ಲೇ ಯಾವ ಬಾಗಿಲು, ಯಾವ ಬೀಗ, ಹೇಗೆ ಮುರಿದಿತ್ತು ಎಂದು ಬರೆಯಿರಿ. ಸ್ಥಳ ಮಹಜರಿನಲ್ಲೂ ಆ ಸಾಲು ಬರಲಿ, ಸಹಿ ಹಾಕುವ ಮುಂಚೆ ಓದಿ. ಕಳವಾದ ವಸ್ತುವೊಂದು ಆಮೇಲೆ ನೆನಪಾದರೆ ಪುರವಣಿ ಹೇಳಿಕೆಯನ್ನು ಕೂಡಲೇ ಕೊಡಿ. ತಿಂಗಳು ಬಿಟ್ಟು ಬೆಳೆದ ಪಟ್ಟಿಯನ್ನು ಯಾರೂ ನಂಬುವುದಿಲ್ಲ.

ಮುರಿದ ಬೀಗ ಎಸೆಯಬೇಡಿ. ಪೊಲೀಸರು ಜಪ್ತಿ ಮಾಡದಿದ್ದರೆ ಸರ್ವೆಯರ್ ಬರುವವರೆಗೆ ಚೀಲದಲ್ಲಿಡಿ. ಕ್ಯಾಮೆರಾ ದೃಶ್ಯ ಪೊಲೀಸರಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯ ಬಗ್ಗೆ) ಕೇಳುತ್ತಾರೆ, ಹಿಂದಿನ ಸಾಕ್ಷ್ಯ ಕಾಯ್ದೆಯ 65ಬಿ ಅದೇ. ಕಳ್ಳರು ಸಿಗದಿದ್ದರೆ ಕರ್ನಾಟಕದಲ್ಲಿ ಪೊಲೀಸರು "ಸಿ" ರಿಪೋರ್ಟ್ ಹಾಕುತ್ತಾರೆ, ಪತ್ತೆಯಾಗದ ಪ್ರಕರಣ ಎಂದು. ವಿಮೆಯವರು ಕೇಳುವುದು ಅದನ್ನು. "ಬಿ" ರಿಪೋರ್ಟ್ ಹಾಕಿದ್ದರೆ ದೂರು ಸುಳ್ಳು ಅಥವಾ ಆಧಾರವಿಲ್ಲದ್ದು ಎಂಬ ಅರ್ಥ ಬರುತ್ತದೆ, ಅದಕ್ಕೆ ನ್ಯಾಯಾಲಯದಲ್ಲಿ ತಕರಾರು ಸಲ್ಲಿಸಲೇಬೇಕು.

ಕಂಪನಿ ಕ್ಲೇಮು ತಿರಸ್ಕರಿಸಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಅದನ್ನೂ ತಿರಸ್ಕರಿಸಿದರೆ, ಅಥವಾ ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ವಿಮಾ ದೂರುಗಳನ್ನು ಕೇಳುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಆಮೇಲೆ ಒಂದು ವರ್ಷದೊಳಗೆ ಹೋಗಬೇಕು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ವ್ಯಾಜ್ಯ ಕೇಳುತ್ತಾರೆ.

---

ರೆಡಿಂಗ್_ಕನ್ನಡಿಗ

ಇಂಗ್ಲೆಂಡಿನಲ್ಲಿರುವವರು ಇದನ್ನು ಓದುತ್ತಿದ್ದರೆ ಇಲ್ಲಿನ ಲೆಕ್ಕ ಸ್ವಲ್ಪ ಬೇರೆ. ಇಲ್ಲಿ "ಕಂಟೆಂಟ್ಸ್" ವಿಮೆಯಲ್ಲಿ ಕಳವು ಮೊದಲಿನಿಂದಲೇ ಸೇರಿರುತ್ತದೆ. ಕೊಟೇಶನ್ ಕೇಳುವಾಗಲೇ ಬಾಗಿಲಿಗೆ ಬಿಎಸ್ 3621 (ಬೀಗಗಳ ಬ್ರಿಟಿಷ್ ಮಾನಕ) ಗುರುತಿನ ಐದು ಲಿವರ್ ಮಾರ್ಟಿಸ್ ಬೀಗ ಇದೆಯೇ ಅಥವಾ ಮಲ್ಟಿಪಾಯಿಂಟ್ (ಹಲವು ಕಡೆ ಒಟ್ಟಿಗೆ ಕೂರುವ) ಬೀಗವೇ, ಕಿಟಕಿಗಳಿಗೆ ಕೀಲಿ ಹಾಕುವ ಬೀಗ ಇದೆಯೇ, ಅಲಾರಂ ಎನ್‌ಎಸ್‌ಐ ಅಥವಾ ಎಸ್‌ಎಸ್‌ಎಐಬಿ ಎಂಬ ಭದ್ರತಾ ಸಂಸ್ಥೆಗಳ ಮಾನ್ಯತೆ ಪಡೆದವರು ಹಾಕಿದ್ದೇ ಎಂದು ಕೇಳುತ್ತಾರೆ. ಬೀಗದ ಗುರುತು ಬಾಗಿಲ ಅಂಚಿನ ಲೋಹದ ಪಟ್ಟಿಯ ಮೇಲೆ ಕೆತ್ತಿರುತ್ತದೆ, ನೋಡಿ ಉತ್ತರ ಕೊಡಿ. ಆನ್‌ಲೈನಿನಲ್ಲಿ ಕೊಂಡು ಅಂಟಿಸಿದ ಡೋರ್‌ಬೆಲ್ ಕ್ಯಾಮೆರಾವನ್ನು ಅಲಾರಂ ಎಂದು ಘೋಷಿಸಬೇಡಿ.

ಅಲಾರಂಗೆ ಸಿಗುವ ರಿಯಾಯಿತಿ ಇಲ್ಲೂ ದೊಡ್ಡದಲ್ಲ. ಘೋಷಿಸಿದರೆ, ಮನೆಯಿಂದ ಹೊರಗೆ ಹೋದಾಗಲೆಲ್ಲ ಆನ್ ಮಾಡಬೇಕು, ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಬೇಕು ಎಂಬ ಷರತ್ತು ಬರಬಹುದು. ತಪ್ಪು ಮಾಹಿತಿ ಅಜಾಗರೂಕತೆಯಿಂದ ಕೊಟ್ಟಿದ್ದರೆ 2012ರ ಗ್ರಾಹಕ ವಿಮಾ ಕಾಯ್ದೆಯಂತೆ, ಕಟ್ಟಿದ ಪ್ರೀಮಿಯಂ ಕಟ್ಟಬೇಕಾಗಿದ್ದ ಪ್ರೀಮಿಯಂನ ಎಷ್ಟು ಪಾಲೋ ಅಷ್ಟೇ ಪಾಲು ಪರಿಹಾರ ಕೊಡಬಹುದು. ಬೇಕೆಂದೇ ಕೊಟ್ಟಿದ್ದರೆ ಏನೂ ಇಲ್ಲ. ಇನ್ನೊಂದು ಕಡೆ, 2015ರ ವಿಮಾ ಕಾಯ್ದೆಯ 11ನೇ ಸೆಕ್ಷನ್ ನಮ್ಮ ಪರ ಇದೆ. ಕಿಟಕಿ ಬೀಗದ ಷರತ್ತು ಮುರಿದಿದ್ದು, ನಷ್ಟ ಆದದ್ದು ಅಡುಗೆಮನೆ ಬೆಂಕಿಯಿಂದ ಎಂದಾದರೆ ಆ ಷರತ್ತನ್ನು ಹಿಡಿದು ಹಣ ತಡೆಯುವಂತಿಲ್ಲ.

ಊರಿಗೆ ಹೋಗುವವರಿಗೆ ಇಲ್ಲಿಯೂ ಅದೇ ಗಡಿ: ಸಾಮಾನ್ಯವಾಗಿ 30 ದಿನ, ಕೆಲವರಲ್ಲಿ 60. ಬೇಸಿಗೆ ರಜೆಗೆ ಆರು ವಾರ ಬೆಂಗಳೂರಿಗೆ ಹೋಗುವ ಕುಟುಂಬಗಳು ಟಿಕೆಟ್ ಕೊಳ್ಳುವಾಗಲೇ ಇದನ್ನು ನೋಡಿಕೊಳ್ಳಬೇಕು. ಒಡವೆಗೆ ಒಂದೊಂದು ವಸ್ತುವಿನ ಮಿತಿಯೂ ಇರುತ್ತದೆ. ಮದುವೆಯ ಹಾರ, ಬಳೆಗಳು ಆ ಮಿತಿಯನ್ನು ಸುಲಭವಾಗಿ ದಾಟುತ್ತವೆ, ಹೆಸರು ಹಿಡಿದು ಬರೆಸಿ.

---

ಜಯನಗರ_3ನೇ_ಮಹಡಿ

ಅಪಾರ್ಟ್‌ಮೆಂಟಿನವರಿಗೆ? ಗೇಟಿನಲ್ಲಿ ಕಾವಲುಗಾರರಿದ್ದಾರೆ, ಸಂಘದ ಕ್ಯಾಮೆರಾ ಇದೆ. ಅದನ್ನು ಅರ್ಜಿಯಲ್ಲಿ ನಮ್ಮ ಭದ್ರತೆ ಎಂದು ತೋರಿಸಬಹುದೇ?

---

ವಿಮೆ_ಕಡತ

ತೋರಿಸಬಹುದು ಮೇಡಂ, ಆದರೆ "ಸಂಘದ ವ್ಯವಸ್ಥೆ" ಎಂದೇ ಬರೆಯಿರಿ. ಕಾವಲುಗಾರರ ಗುತ್ತಿಗೆ ನಿಮ್ಮ ಕೈಯಲ್ಲಿಲ್ಲ. ಸಂಘ ನಾಳೆ ರಾತ್ರಿ ಪಾಳಿ ಕಡಿತ ಮಾಡಿದರೆ ನಿಮ್ಮ ಪಾಲಿಸಿಯ ಷರತ್ತು ಮುರಿದಂತಾಗಬಾರದು. ಬದಲಾವಣೆ ಆದರೆ ಕಂಪನಿಗೆ ಒಂದು ಇಮೇಲ್ ಹಾಕಿ. ಕಾಮನ್ ಏರಿಯಾದ ಕ್ಯಾಮೆರಾ ದೃಶ್ಯ ಎಷ್ಟು ದಿನ ಉಳಿಯುತ್ತದೆ ಎಂದು ಕಾರ್ಯದರ್ಶಿಯವರನ್ನು ಈಗಲೇ ಕೇಳಿಟ್ಟುಕೊಳ್ಳಿ. ಕಳವಾದರೆ ದೃಶ್ಯ ಅಳಿಸದೆ ಇಡಿ ಎಂದು ಅದೇ ದಿನ ಲಿಖಿತವಾಗಿ ಕೊಡಿ. ಫ್ಲ್ಯಾಟ್‌ಗಳಲ್ಲಿ ಬಾಲ್ಕನಿಯ ಜಾರು ಬಾಗಿಲು ಮತ್ತು ಪೈಪು ಹಾಯುವ ಡಕ್ಟ್ ಕಡೆಯ ಸಣ್ಣ ಕಿಟಕಿ ಇವೆರಡನ್ನೇ ಜನ ಮರೆಯುವುದು. ಬಾಗಿಲು_ಬೀಗ ಅವರು ಹೇಳಿದ ಮೇಲಿನ ಹಳಿಯ ಕಟ್ಟೆ ನಿಮಗೂ ಬೇಕು.

ಕುವೆಂಪುನಗರದ ಸಾರ್, ಹೊರಡುವ ಮುಂಚೆ ಠಾಣೆಗೂ ಒಂದು ಮಾತು ತಿಳಿಸಿ. ಬೀಗ ಹಾಕಿದ ಮನೆ ಇದೆ ಎಂದು ಗೊತ್ತಿದ್ದರೆ ರಾತ್ರಿ ಬೀಟಿನವರು ಅತ್ತ ಒಂದು ಸುತ್ತು ಬರಬಹುದು. ತಿಳಿಸಿದ ಪತ್ರದ ಸ್ವೀಕೃತಿ ಇಟ್ಟುಕೊಂಡರೆ, ನೀವು ತಕ್ಕ ಎಚ್ಚರ ವಹಿಸಿದ್ದೀರಿ ಎನ್ನುವುದಕ್ಕೆ ಅದೂ ಒಂದು ದಾಖಲೆ. ಹಾಲು, ಪೇಪರ್ ನಿಲ್ಲಿಸಿ, ಗೇಟಿನ ಬೀಗ ಒಳಮುಖವಾಗಿ ಹಾಕಿ.